ಹೋದದ್ದು ಅವನೋ ಅವಳೋ

ಲೆಕೇಯ್ತಿಯೊ
೧೨ ನವೆಂಬರ್ ೧೯೬೧

ಪ್ರೀತಿಯ ಲಿಬೆ,

ನಾವೆಲ್ಲ ಚೆನ್ನಾಗಿದ್ದೇವೆ. ಕರಾಕಸ್‌ನಲ್ಲಿ ನೀನು, ನಿನ್ನ ಗಂಡ, ಮಗಳು ನೆಕಾನೆ ಸುಖವಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಇಂಥದ್ದನ್ನು ಬರೆದು ಇಲ್ಲಿ ಅಂಚೆಗೆ ಹಾಕುವ ಹಾಗಿಲ್ಲ, ಪೊಲೀಸರು ಒಡೆದು ಓದುತ್ತಾರೆ. ನಂಬಿಕೆಯ ನಾವಿಕನೊಬ್ಬ ಸಿಗುವವರೆಗೆ ಕಾದೆ.

ಮತ್ತೆ ಅದೇ ಹಾಡಿನ ಅರ್ಥ ಕೇಳಿದ್ದೀಯ. ಎಷ್ಟು ಸಲ ಬರೆಯಲಿ ಹೇಳು? ನನ್ನ ಅಣ್ಣ ಬಲೆಂದಿನ್ ಕಟ್ಟಿದ ಹಾಡು ನಿಮ್ಮ ಬಾಸ್ಕ್ ಸಂಘದವರೆಗೆ ಬಂದದ್ದು ಸಂತೋಷವೇ. ಆದರೆ ಹಾಡಿನಲ್ಲಿ ಊರು ಬಿಟ್ಟು ಹೋದವನು ಸೈನಿಕ, ನೆತ್ತಿ ಕಡಿದರೂ ಚಿಗುರುವ ಕಾಡಿನ ಬೀಚ್ ಮರವೆಂದರೆ ನಮ್ಮ ನಾಡು ಎಂದು ನೆಕಾನೆಯ ಮೇಷ್ಟ್ರು ಹೇಳಿಕೊಡುತ್ತಾರಂತೆ. ಇಲ್ಲಿನ ಪಾದ್ರಿಗಳನ್ನು ಕೇಳಿದರೆ ಆ ಮರ ಆತ್ಮವಂತೆ. ನಮ್ಮಪ್ಪ ಇದ್ದಿಲು ಸುಡುತ್ತಿದ್ದುದು ನಿನಗೆ ಗೊತ್ತು. ಮರವನ್ನು ಬುಡದಲ್ಲಿ ಕಡಿಯದೆ ಮೇಲೆ ಕಡಿಯುತ್ತಿದ್ದರು. ಅದು ಸಾಯುವುದಿಲ್ಲ, ಚಿಗುರುತ್ತದೆ. ಮೊದಲಿನ ಹಾಗೆ ನೆಟ್ಟಗೆ ಬೆಳೆಯುವುದೂ ಇಲ್ಲ. ಅರ್ಥ ಇಷ್ಟೇ.

ಕಳೆದ ತಿಂಗಳು ಈ ಅರ್ಥವೇ ನಮ್ಮ ಕುತ್ತಿಗೆಗೆ ಬಂದಿತ್ತು. ಚರ್ಚಿನ ಅಂಗಳದಲ್ಲಿ ನಮ್ಮ ಗಾಯನ ಮಂಡಳಿ ಹಾಡು ಮುಗಿಸುತ್ತಿದ್ದಂತೆ ಪೊಲೀಸ್ ಸಾರ್ಜೆಂಟ್ ಬಂದು ಅಣ್ಣನ ತೋಳು ಹಿಡಿದ. ದೇಶ ಬಿಟ್ಟು ಓಡಿದ ಬಂಡುಕೋರನ ಮೇಲೆ ಹಾಡು ಕಟ್ಟಿದ್ದೀಯ ಎಂಬುದು ಅವನ ಆರೋಪ.

"ಹೋದೋರು ಗಂಡಸೋ ಹೆಂಗಸೋ? ಅಷ್ಟು ಹೇಳು ಸಾಕು."

"ನಮ್ ಬಾಸ್ಕ್ ಮಾತಲ್ಲಿ ಅವನು ಅವಳು ಅಂತ ಬೇರೆ ಬೇರೆ ಇಲ್ಲ ಸಾಹೇಬ್ರೇ," ಎಂದ ಅಣ್ಣ.

ನಿಜವೇ ತಾನೆ? ಸಾರ್ಜೆಂಟನಿಗೆ ಮಾತ್ರ ತನ್ನನ್ನು ಗೇಲಿ ಮಾಡಿದ ಹಾಗೆ ಕಂಡಿತು. ಜೀಪು ಹತ್ತೆಂದ. ಅತ್ತಿಗೆ ರುಫಿನಾ ಮುಂದಿನ ಸಾಲಿನಲ್ಲೇ ನಿಂತಿದ್ದಳು. ಅಣ್ಣ ಅವಳತ್ತ ನೋಡದೆ ಹೇಳಿದ:

"ಹೆಂಗಸು. ನಾನು ಮದ್ವೆ ಆಗ್ಬೇಕು ಅಂತಿದ್ದೋಳು. ಹಡಗು ಹತ್ತಿ ಹೋದ್ಲು."

ಸಾರ್ಜೆಂಟ್ ನಕ್ಕು ಕೈಬಿಟ್ಟ. ಅತ್ತಿಗೆ ಮನೆಗೆ ಬಂದು, ಉಪ್ಪುಮೀನು ನೆನೆಹಾಕುತ್ತ, ತಲೆ ಎತ್ತದೆ ನನ್ನನ್ನು ಕೇಳಿದಳು: "ಹಾಗಾದ್ರೆ ಆ ಚಿಗುರು ನಾನೇನಾ?"

ನಾನು ಈರುಳ್ಳಿ ಹೆಚ್ಚುತ್ತ ಕೂತೆ. ಈಗ ಅವಳು ಮಂಡಳಿಗೆ ಹೋಗುವುದಿಲ್ಲ, ಅಣ್ಣ ಹಾಡುವುದಿಲ್ಲ, ಇಬ್ಬರ ನಡುವೆ ನಾನು ಊಟ ಬಡಿಸುತ್ತೇನೆ. ಅಲ್ಲಿಂದ ನೀನು ಅರ್ಥ ಕೇಳುತ್ತೀಯ.

ಹೋದವಳು ತನ್ನಮ್ಮನೇ ಎಂದು ನೆಕಾನೆಗೆ ಹೇಳುವುದಾದರೆ ನೀನೇ ಹೇಳು. ಇಲ್ಲವಾದರೆ ಮೇಷ್ಟ್ರ ಸೈನಿಕನೇ ಇರಲಿ ಬಿಡು. ಮಗುವಿಗೆ ನನ್ನ ಮುತ್ತು. ದೇವರು ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ
ಹಿಲಾರಿಯಾ

ತಾ.ಕ.: ಇಷ್ಟು ಬರೆದರೂ ಸಿಟ್ಟು ಇಳಿಯಲಿಲ್ಲ. ನೀನು ಹೊರಡುವ ಮುನ್ನ ಅಣ್ಣನಿಗಾದರೂ ಹೇಳಿದ್ದೆ. ನನಗೆ ಹೇಳಲಿಲ್ಲ. ಬಂದರಿನಲ್ಲಿ ಬಲೆ ಹೆಣೆಯುವಲ್ಲಿ ನಾನು ಪಕ್ಕದ ಜಾಗಕ್ಕೆ ಯಾರನ್ನೂ ಕೂರಗೊಡದೆ ನಿನಗಾಗಿ ಕಾಯುತ್ತಿದ್ದೆ. ನೀನು ಹಡಗು ಹಿಡಿಯಲು ಬಿಲ್ಬಾವೊ ಬಸ್ಸು ಹತ್ತಿದೆಯೆಂದು ಮೀನು ಮಾರುವವಳೊಬ್ಬಳು ಬಂದು ಹೇಳಿದಳು. ನೀನು ಅರ್ಧಕ್ಕೆ ಬಿಟ್ಟ ಬಲೆಯನ್ನು ನಾನೇ ಕೂತು ಮುಗಿಸಿದೆ. ಅದರ ಮೇಲೆ ಯಾರೂ ಹಾಡು ಕಟ್ಟಲಿಲ್ಲ ಲಿಬೆ.