ಟಕ್ಕಂತ ಹಾರುವ ಮುಳ್ಳು

ಅತ್ತೆ,

ನಿಮ್ಮ ಬಾಯಿಬಡುಕಿ ಸೊಸೆಯ ನಮಸ್ಕಾರ. ಫೋನ್ ಮಾಡಿದರೆ "ಊಟ ಆಯ್ತಾ" ಅಂತ ಕೇಳಿ ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಬಾಯಿ ಮುಚ್ಚಿಸಲು ನಿಮ್ಮಿಂದಲೂ ಆಗುವುದಿಲ್ಲ!

ಮೊದಲು ವಿಷಯ ಹೇಳಿಬಿಡುತ್ತೇನೆ. ಕೆಟ್ಟಿದ್ದು ನಿಮ್ಮ ವ್ಯಾನಿನ ಎಂಜಿನ್ನೂ ಅಲ್ಲ, ನಿಮ್ಮ ಧೈರ್ಯವೂ ಅಲ್ಲ. ಎಂಜಿನ್ನಿನ ನೀರು ಎಷ್ಟು ಬಿಸಿಯಾಗಿದೆ ಅಂತ ಮೀಟರಿಗೆ ತಿಳಿಸುವ ಹೆಬ್ಬೆರಳುದ್ದದ ಸೆನ್ಸರ್ ಒಂದಿದೆ. ಸುಳ್ಳು ಹೇಳುತ್ತಿದ್ದದ್ದು ಅದು.

ಡಯಾಲಿಸಿಸ್‌ಗೆ ಹೊರಟಿದ್ದ ಮೇಷ್ಟ್ರನ್ನು ಕೂರಿಸಿಕೊಂಡು ನೀವು ಸೇತುವೆ ಮೇಲೆ ವ್ಯಾನ್ ನಿಲ್ಲಿಸಿದಿರಿ. ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಹೋದ ಮೇಲೆ ಇನ್ನೇನು ಮಾಡಬೇಕಿತ್ತು? ಮೇಷ್ಟ್ರ ಮಗ ಬಾಯಿಗೆ ಬಂದಂತೆ ಬೈದ. ಮೆಕ್ಯಾನಿಕ್ ಬರುವಷ್ಟರಲ್ಲಿ ಆ ಹಾಳು ಮುಳ್ಳು ನಡುವಿಗೆ ಬಂದು ಏನೂ ಅರಿಯದವರಂತೆ ಕೂತಿತ್ತು. ನೀರು ತಣಿಸುವ ರೇಡಿಯೇಟರನ್ನಂತೂ ಇದಕ್ಕೂ ಮುಂಚೆ ಮೊದಲ ಸಲ ಹೀಗಾದಾಗಲೇ ಬದಲಾಯಿಸಿದ್ದರು. ಅವತ್ತು ಸಂಜೆ ಮಾವ ಮೆತ್ತಗೆ, "ವಯಸ್ಸಾಯ್ತು ಕಣೇ, ಹೆದರಿಕೆ ಶುರುವಾಗಿದೆ, ಸಾಕು ಬಿಡು" ಅಂದರು. ಜೋರಾಗಿ ಬೈದಿದ್ದರೆ ನೀವೂ ತಿರುಗಿ ಬೈಯುತ್ತಿದ್ದಿರಿ. ಮೆತ್ತಗೆ ಅಂದದ್ದಕ್ಕೇ ಕೀಯನ್ನು ಮೊಳೆಗೆ ತಗುಲಿಹಾಕಿ, ನಿಮ್ಮ ಅಕ್ಕನ ಮನೆಗೆ ಹೊರಟುಬಿಟ್ಟಿರಿ.

ಬಸ್ ಹತ್ತುವಾಗ ನನಗೊಬ್ಬಳಿಗೇ ಕೇಳುವಂತೆ ಹೇಳಿದಿರಿ. "ಅದು ಏರಲ್ಲ ಕಣೇ, ಟಕ್ಕಂತ ಹಾರತ್ತೆ."

ಆ ಮಾತು ನನ್ನನ್ನು ಬಿಡಲಿಲ್ಲ. ನೀರು ಹಾಗೆ ಹಾರುವುದಿಲ್ಲ ಅತ್ತೆ. ಹಾಲು ಕೂಡ ಉಕ್ಕುವ ಮುಂಚೆ ಬಿಸಿಯಾಗುತ್ತಾ ಬರಬೇಕು. "ದಿನವಿಡೀ ಬಸ್ ಡಿಪೋದಲ್ಲಿ ಗ್ರೀಸ್ ಮೆತ್ಕೊಂಡಿರ್ತೀಯ, ಮನೇಲೂ ಬೇಡ" ಅಂತ ವ್ಯಾನ್ ಮುಟ್ಟದಂತೆ ನೀವು ಹಾಕಿದ್ದ ಕಟ್ಟಳೆಯನ್ನು ಭಾನುವಾರ ಮುರಿದೆ. ಮುಳ್ಳು ಹಾರುವವರೆಗೆ ಊರೆಲ್ಲ ಸುತ್ತಿದೆ. ಹಾರಿದ್ದೇ ತಡ, ನಿಲ್ಲಿಸಿ ಬಾನೆಟ್ ಎತ್ತಿದೆ. ಬಿಸಿ ಅಳೆಯುವ ಗನ್ ಹಿಡಿದರೆ ನೀರಿನ ಪೈಪು ಎಂದಿನಷ್ಟೇ ಬಿಸಿ. ಸೆನ್ಸರಿನ ಪ್ಲಗ್ ಕಿತ್ತೆ, ಮುಳ್ಳು ತಟ್ಟನೆ ತಳಕ್ಕೆ ಬಿತ್ತು. ಅಂದರೆ ವೈರು ಸರಿಯಿದೆ, ಸೆನ್ಸರೇ ಕಳ್ಳ.

ಅನುಮಾನ ಉಳಿಯಬಾರದು ಅಂತ ವ್ಯಾನನ್ನು ಮನೆಗೆ ತಂದು, ತಣ್ಣಗಾದ ಮೇಲೆ ಸೆನ್ಸರನ್ನು ಬಿಚ್ಚಿ, ನೀರಿನಲ್ಲಿ ಅದ್ದಿ ಒಲೆಯ ಮೇಲಿಟ್ಟೆ. ಪಾತ್ರೆ ನಿಮ್ಮ ಹಾಲಿನದೇ. ಇನ್ನು ಅದನ್ನು ಅಡುಗೆಗೆ ಬಳಸುವ ಹಾಗಿಲ್ಲ, ಬಂದು ಬೈಯಿರಿ. ನೀರು ಬಿಸಿಯಾದಂತೆ, ಸೆನ್ಸರಿಗೆ ಜೋಡಿಸಿದ ನನ್ನ ಕೈಮೀಟರಿನಲ್ಲಿ ಅಂಕಿ ನಿಧಾನವಾಗಿ ಇಳಿಯಬೇಕು; ಇಲ್ಲಿ ಅಂಕಿ ಇಳಿದಷ್ಟೂ ವ್ಯಾನಿನಲ್ಲಿ ಮುಳ್ಳು ಏರುತ್ತದೆ. ಚೆನ್ನಾಗಿಯೇ ಇಳಿಯುತ್ತಿತ್ತು. ಆಮೇಲೆ ಒಮ್ಮೆಲೇ, ನೀವು ಹೇಳಿದ ಹಾಗೇ, ಟಕ್ಕಂತ ತಳ ಕಂಡಿತು!

ನಾನು ಕಿರುಚಿದ್ದಕ್ಕೆ ಮಾವ ಓಡಿಬಂದರು. ಅವರೆದುರು ಮತ್ತೆ ಕಾಯಿಸಿ ತೋರಿಸಿದೆ. "ಅವಳು ಹೇಳ್ತಿದ್ದದ್ದು ಇದೇನಾ?" ಅಂದರು. "ಇದೇ ಮಾವ." ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟರು. "ನೀನೇ ಬರಿಯಮ್ಮ, ನಂಗೆ ಮುಖ ಇಲ್ಲ" ಅಂದರು. ಪಾಪ ಅನ್ನಿಸಿತು ಅತ್ತೆ. ನಿಮ್ಮನ್ನು ಕಳೆದುಕೊಳ್ಳುವ ಭಯಕ್ಕೆ ಅವರು ನಿಮ್ಮ ಭಯ ಅಂತ ಹೆಸರಿಟ್ಟಿದ್ದರು, ಅಷ್ಟೇ.

ಮೇಷ್ಟ್ರು ಈಗ ಆಟೋದಲ್ಲಿ ಹೋಗುತ್ತಿದ್ದಾರೆ. ಕುಲುಕಾಟಕ್ಕೆ ಸೊಂಟ ಹಿಡಿದುಕೊಂಡಿದೆಯಂತೆ. ಬೇರೆ ಡ್ರೈವರನ್ನು ಕಳಿಸುತ್ತೇವೆ ಅಂದರೆ, "ಅನುಮಾನ ಬಂದ್ರೆ ನಿಲ್ಲಿಸೋ ಆ ಯಮ್ಮನೇ ಬೇಕು" ಅಂದರು. ಮಗ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ.

ಹೊಸ ಸೆನ್ಸರ್ ಹಾಕಿ ಬೆಟ್ಟದ ರಸ್ತೆಯಲ್ಲಿ ಓಡಿಸಿ ನೋಡಿದೆ. ಮುಳ್ಳು ನಡುವಿನಿಂದ ಅಲ್ಲಾಡಲಿಲ್ಲ. ನನ್ನ ಮಂಡಿಯಂತೂ ದಾರಿಯುದ್ದಕ್ಕೂ ಸ್ಟೀರಿಂಗಿಗೆ ಬಡಿದು ಬಡಿದು ಕೆಂಪಾಗಿದೆ. ನಾನು ಉದ್ದ, ನೀವು ಗಿಡ್ಡ. ಆದರೂ ಸೀಟನ್ನು ಹಿಂದಕ್ಕೆ ಸರಿಸಲಿಲ್ಲ. ಅದು ನಿಮ್ಮ ಅಳತೆಯಲ್ಲೇ ಇದೆ.

ನಿಮ್ಮ ಕೈ, ಕಣ್ಣು ನೂರು ಕಾಲ ಗಟ್ಟಿಯಾಗಿರಲಿ. ಬೇಗ ಬನ್ನಿ.

ಮಂಡಿ ನೋಯಿಸಿಕೊಂಡಿರುವ,
ನಿಮ್ಮ ಸೊಸೆ