ಆಗದ ಮದುವೆಯ ಉಡುಗೊರೆ

ಗಿರಿಜಕ್ಕಾ,

ಹುಳಿ ಮಾಡಿಟ್ಟಿದ್ದೇನೆ, ಅನ್ನ ಮಾತ್ರ ನೀನು ಇಟ್ಟುಕೋ. ಎದುರಿಗೆ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ಬೋನಸ್ ಎಂದು ನಿನ್ನ ಕೈಗೆ ಕೊಟ್ಟೆನಲ್ಲ, ಅದು ಮದುವೆಯಾದವರಿಗೆ ಕಂಪನಿ ಕೊಡುವ ಉಡುಗೊರೆ ಹಣ. ನನ್ನ ಮದುವೆ ನಿಂತುಹೋಯಿತೆಂದು ಅಲ್ಲಿ ನಾನು ಹೇಳಿಯೇ ಇರಲಿಲ್ಲ. ರಜೆ ಮುಗಿಸಿ ಹೋದ ದಿನ ಎಲ್ಲರೂ, "ಏನಮ್ಮಾ ಮದುಮಗಳೇ, ಊಟ ಯಾವಾಗ ಹಾಕಿಸ್ತೀಯಾ?" ಎಂದು ಮುತ್ತಿಕೊಂಡರು. ಸುಮ್ಮನೆ ನಕ್ಕುಬಿಟ್ಟೆ. ಆಮೇಲೆ ಬಾಯಿ ಬಿಡಲು ಆಗಲೇ ಇಲ್ಲ.

ನಿನ್ನೆ ಎಚ್.ಆರ್. ಮೇಡಂ ಫೈಲಿಗೆಂದು ಮದುವೆ ಫೋಟೊ ಕೇಳಿದರು. ನಿಜ ಹೇಳಿದೆ. "ಅಯ್ಯೋ, ಆವಾಗ್ಲೇ ಹೇಳ್ಬಾರ್ದಿತ್ತೇನಮ್ಮಾ?" ಎಂದರು. ಬೈದಿದ್ದರೆ ವಾಸಿಯಿತ್ತು. ಈ ತಿಂಗಳ ಸಂಬಳದಲ್ಲಿ ಆ ಹಣ ಪೂರ್ತಿ ಹಿಡಿದುಕೊಳ್ಳುತ್ತಾರಂತೆ. ಬಾಡಿಗೆಗೆ ಓನರ್ ಆಂಟಿ ಹತ್ತಿರ ಸ್ವಲ್ಪ ಟೈಮ್ ಕೇಳು. ಭಾವನಿಗೆ ಹೇಳಬೇಡ, ಕಂಪನಿ ಗೇಟಿನ ಹತ್ತಿರ ಜಗಳಕ್ಕೆ ಬಂದಾರು. ತಪ್ಪು ಕಂಪನಿಯವರದಲ್ಲ.

ಇವತ್ತು ಊಟದ ಹೊತ್ತಿಗೆ ಎಲ್ಲರಿಗೂ ನಾನೇ ಹೇಳುತ್ತೇನೆ, ಇನ್ನೊಬ್ಬರ ಬಾಯಿಂದ ಗೊತ್ತಾಗುವುದು ಬೇಡ.

ಚೀಟಿ ಹಾರದಿರಲೆಂದು ಮೇಲಿಟ್ಟಿರುವುದು ನಿನ್ನ ಹಳೆಯ ಕಾಲುಂಗುರ. ದಿನಾ ಪೀಣ್ಯದಲ್ಲಿ ಬಸ್ಸಿಳಿದು, ಅದನ್ನು ಹಾಕಿಕೊಂಡೇ ಕಂಪನಿಯೊಳಗೆ ಹೋಗುತ್ತಿದ್ದೆ. ಎತ್ತಿಡು.

ನೇತ್ರಾ