ಒಂದೇ ಮನೆಗೆ ಬರುವ ಸಂಬಳ

ಚಳ್ಳಕೆರೆ
೧೯-೧-೨೦೦೫

ನನ್ನ ಮುದ್ದು ತೇಜುಗೆ,

ನಿನ್ನ ಶಾಂತಕ್ಕನ ಪ್ರೀತಿಯ ನೆನಪುಗಳು. ನೀನು ಮೊಳಕಾಲ್ಮೂರಿನಿಂದ ಬರೆದ ಕಾಗದಗಳೆಲ್ಲ ತಲುಪಿವೆ. ದೀಪಾವಳಿಗೆ ಬಂದದ್ದಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೈಯಬೇಕೆನಿಸಿದರೆ ಬೈದುಕೋ. ಬೇರೆ ಯಾರಾದರೂ ಆಗಿದ್ದರೆ ಎಸ್‌ಟಿಡಿ ಬೂತಿನಿಂದ ಒಂದು ಫೋನ್ ಮಾಡಿ ಕೈತೊಳೆದುಕೊಳ್ಳುತ್ತಿದ್ದೆ. ನಿನಗೆ ಕಿವಿ ಕೇಳಿಸದ ಕಾರಣ ನನ್ನ ಸೋಮಾರಿತನ ಬಯಲಾಯಿತು ನೋಡು.

ಮನೆಯಲ್ಲಿ ಮಗ್ಗ ಹೇಗೆ ನಡೆಯುತ್ತಿದೆ? ನೀನು ಸೀರೆಯ ಅಂಚು ನೋಡಿದರೆ ಸಾಕು ತಪ್ಪು ಹುಡುಕುತ್ತೀಯೆಂದು ನಿಮ್ಮ ಅಪ್ಪಾಜಿ ಈಗಲೂ ಗೊಣಗುತ್ತಾರಾ? ಕೆಂಚಕ್ಕ ಅತ್ತೆಗೆ ನನ್ನ ನಮಸ್ಕಾರ ತಿಳಿಸು. ತರಬೇತಿಗೆ ನಿನ್ನ ಜೊತೆಗೆ ಬಂದು, ನಿನ್ನನ್ನು ಕೇಳಿದ ಪ್ರಶ್ನೆಗೆಲ್ಲ ತಾನೇ ಉತ್ತರ ಹೇಳಿ, ಕೊನೆಗೆ ನಿನಗೆ ಬಂದ ಬಹುಮಾನದ ಸ್ಟೀಲ್ ಡಬ್ಬಿಯನ್ನೂ ತಾನೇ ವೇದಿಕೆ ಹತ್ತಿ ತೆಗೆದುಕೊಂಡ ಮಹಾತಾಯಿ! ಆಗ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಈಗ ನೆನೆಸಿಕೊಂಡರೆ ನನಗೆ ನಗು ಬರುವುದಿಲ್ಲ.

ಮಿಲ್ಲಿನ ಕೆಲಸ ಕಾಯಂ ಆಯಿತಾ ಅಂತ ಪ್ರತಿ ಕಾಗದದಲ್ಲೂ ಕೇಳಿದ್ದೀಯ. ಆಯಿತು ಕಣೇ. ನಮ್ಮ ಮಾರುತಿಗೆ.

ಹೌದು, ಮಾರುತಿಗೇ, ನನ್ನ ತಮ್ಮನಿಗೆ. ಪಿಯುಸಿಯಲ್ಲಿ ಡುಮ್ಕಿ ಹೊಡೆದು ಬಸ್ ಸ್ಟ್ಯಾಂಡಿನ ಕಟ್ಟೆ ಕಾಯುತ್ತಿದ್ದನಲ್ಲ, ಅವನಿಗೆ.

ಸಿಟ್ಟು ಮಾಡಿಕೊಳ್ಳದೆ ಮೊದಲಿನಿಂದ ಹೇಳುತ್ತೇನೆ. ಅಂಗವಿಕಲ ಕಾಲೇಜು ವಿದ್ಯಾರ್ಥಿಗಳಿಗೆ ವೃತ್ತಿ ಕೌಶಲ ಕಲಿಸುತ್ತೇವೆಂದು ಆ ಸಂಸ್ಥೆಯವರು ನಮ್ಮ ಮೂಗಿಗೆ ಹೇಗೆ ತುಪ್ಪ ಸವರಿದರೆಂದು ನಿನಗೂ ಗೊತ್ತಲ್ಲ. ದಾವಣಗೆರೆಯಿಂದ ಬಂದ ಆ ಸರ್, ಕೆಲಸಕ್ಕೆ ಕರೆದವರ ಮುಂದೆ ನೆಟ್ಟಗೆ ನಿಂತು ಕೈಕುಲುಕಬೇಕೆಂದರು. ಎರಡೂ ಬಗಲಲ್ಲಿ ಕೋಲು ಇರುವವಳು ಯಾವ ಕೈ ಕೊಡಲಿ ಎಂದು ಕೇಳಿದರೆ, "ಸ್ಮೈಲ್ ಮಾಡಿ, ಸಾಕು" ಅಂದರು. ಟೆಲಿಫೋನಿನಲ್ಲಿ ಸೌಜನ್ಯದಿಂದ ಮಾತಾಡುವುದು ಹೇಗೆಂದು ಒಂದು ಇಡೀ ಮಧ್ಯಾಹ್ನ ಪಾಠ ಮಾಡಿ, ನಿನ್ನ ಕೈಗೂ ರಿಸೀವರ್ ಕೊಟ್ಟು ಫೋಟೋ ತೆಗೆಸಿದರು. ಆದರೂ ನಾನು ಅಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕಲಿತೆ. ಆ ಮಟ್ಟಿಗೆ ಅವರನ್ನು ಬೈಯಲಾರೆ.

ಅವರದೊಂದು ನಿಯಮವಿತ್ತಲ್ಲ, ಪ್ರತಿಯೊಬ್ಬರೂ ಮನೆಯವರೊಬ್ಬರನ್ನು ಜೊತೆಗೆ ತರಬೇಕು ಅಂತ. ತರಬೇತಿಗೂ ಅಷ್ಟೆ, ಆಮೇಲೆ ಇಂಟರ್ನ್ ಆಗಿ ಹೋಗುವ ಜಾಗಕ್ಕೂ ಅಷ್ಟೆ. ನಮ್ಮ ಮನೆಗಳಲ್ಲೂ ಅದೇ ರೂಢಿ. ಹೆಣ್ಣು, ಅದರ ಮೇಲೆ ಕಾಲಿಲ್ಲದವಳು, ಒಂಟಿ ಕಳಿಸುವುದುಂಟೇ? ಹೀಗಾಗಿ ಮೂಡಲಗಿರಿಯಪ್ಪನವರ ಎಣ್ಣೆ ಮಿಲ್ಲಿಗೆ ನಾನು ಕಡಲೆಕಾಯಿ ಸುಗ್ಗಿಯ ಹೊತ್ತಿಗೆ ಸೇರಿದಾಗ ಮಾರುತಿಯೂ ಬಂದ. ಬೆಳಿಗ್ಗೆ ನನಗೆ ಕಾಲೇಜು. ಮಧ್ಯಾಹ್ನ ಅವನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದು, ಲೆಕ್ಕದ ಕೋಣೆ ಮಹಡಿಯ ಮೇಲಿದ್ದುದರಿಂದ ನನ್ನನ್ನು ಎತ್ತಿಕೊಂಡೇ ಹತ್ತಿಸುತ್ತಿದ್ದ.

ಆ ಕೋಣೆಯ ಕುರ್ಚಿಯ ವಿಷಯ ನಿನಗೆ ಬಿಟ್ಟು ಬೇರೆ ಯಾರಿಗೆ ಹೇಳಿದರೂ ನಗುತ್ತಾರೆ. ಕಂಪ್ಯೂಟರ್ ಮುಂದೆ ಕೂತವಳು ಎಲ್ಲರಷ್ಟೇ ಎತ್ತರ, ತೇಜು. ಮೇಜಿನ ಕೆಳಗೆ ಏನಿದೆಯೆಂದು ಯಾರೂ ಬಗ್ಗಿ ನೋಡುವುದಿಲ್ಲ. ನಮ್ಮ ಬೀದಿಗೆ ನಾನು ಕುಂಟಿ ಶಾಂತಿ. ಅಲ್ಲಿ ಕಲ್ಯಾಣದುರ್ಗದ ಕಡೆಯಿಂದ ಲಾರಿ ತಂದ ರೈತರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದು, "ಮೇಡಂ, ಎಂತ ತೂಗಿಂದಿ?" ಅಂತ ತೂಕ ಕೇಳುತ್ತಿದ್ದರು. ನಾನು ತೂಕ ನೋಡಿ ತೆಲುಗಿನಲ್ಲೇ ಹೇಳಿದರೆ, "ಮನ ಪಿಲ್ಲೇ", ನಮ್ಮ ಹುಡುಗಿಯೇ ಎಂದು ಖುಷಿಪಡುತ್ತಿದ್ದರು. ಆ ಕುರ್ಚಿ ನನ್ನದಾಗಲಿ ಎಂದು ನಾನು ಗೌರಸಮುದ್ರದ ಮಾರಮ್ಮನಿಗೆ ಹರಕೆಯನ್ನೂ ಹೊತ್ತಿದ್ದೆ. ತರಬೇತಿ ಮುಗಿದ ಮೇಲೆ ಕೆಲಸ ಚೆನ್ನಾಗಿ ಕಲಿತವರನ್ನು ಇಟ್ಟುಕೊಳ್ಳುತ್ತೇನೆಂದು ಸಾಹುಕಾರರು ಮೊದಲ ದಿನವೇ ಹೇಳಿದ್ದರು.

ಮಾರುತಿ ಕೆಳಗೆ ಬೆಂಚಿನ ಮೇಲೆ ಕೂತು ಆಕಳಿಸುತ್ತಿದ್ದ. ಸುಮ್ಮನೆ ಕೂತವನ ಕೈಗೆ ಗುಮಾಸ್ತರು ತೂಕದ ಚೀಟಿ ಕೊಟ್ಟು, "ಲೇ, ನಿಮ್ಮಕ್ಕನಿಗೆ ಕೊಟ್ ಬಾರೋ" ಅನ್ನತೊಡಗಿದರು. ಚೀಟಿ ತಂದವನು ನನ್ನ ಪಕ್ಕದಲ್ಲೇ ನಿಲ್ಲುತ್ತಿದ್ದ. "ಅಕ್ಕಾ, ಅದೇನ್ ಒತ್ತಿದ್ಯೆ? ನನಗೂ ತೋರ್ಸೆ," ಅಂದ. ಕಲಿಸಿದೆ. ತಮ್ಮ ಏನಾದರೂ ಕಲಿತರೆ ಬಸ್ ಸ್ಟ್ಯಾಂಡ್ ಬಿಟ್ಟಾನೆಂದು ಸಂತೋಷವೇ ಆಯಿತು. ಯಾವ ಅಕ್ಕನಿಗೆ ಆಗುವುದಿಲ್ಲ ಹೇಳು?

ಕೊನೆಯ ದಿನ ಸಂಸ್ಥೆಯವರು ಕ್ಯಾಮೆರಾ ಹಿಡಿದು ಬಂದರು. ಅವ್ವನೂ ರೇಷ್ಮೆ ಅಂಚಿನ ಸೀರೆ ಉಟ್ಟುಕೊಂಡು ಬಂದಿದ್ದಳು. ಸಾಹುಕಾರರು ಗಂಟಲು ಸರಿ ಮಾಡಿಕೊಂಡು, ನನ್ನ ಮುಖ ಮಾತ್ರ ನೋಡದೆ ಹೇಳಿದರು: "ಹುಡುಗಿ ಚೆನ್ನಾಗ್ ಕಲ್ತಾಳೆ, ಇಲ್ಲ ಅನ್ನಲ್ಲ. ಆದ್ರೆ ದಿನಾ ಮ್ಯಾಲೆ ಕೆಳಗೆ ಓಡಾಡೋ ಕೆಲ್ಸ ಐತೆ. ತಮ್ಮನಿಗೂ ಎಲ್ಲಾ ಬರ್ತೈತೆ. ಅವನನ್ನೇ ಇಟ್ಕಂತೀನಿ. ಒಂದೇ ಮನೆ ಅಲ್ವಾ?"

ಎಲ್ಲರೂ ಚಪ್ಪಾಳೆ ಹೊಡೆದರು. ದಾವಣಗೆರೆ ಸರ್, "ಅಂಗವಿಕಲರ ಕುಟುಂಬಕ್ಕೆ ಉದ್ಯೋಗ! ಇದು ನಮ್ಮ ಸಕ್ಸಸ್ ಅಮ್ಮಾ," ಎಂದು ನನ್ನ ಕೈಗೆ ಸರ್ಟಿಫಿಕೇಟ್ ಕೊಟ್ಟು ಫೋಟೋಕ್ಕೆ ನಡುವೆ ಕೂರಿಸಿದರು. ಅವರು ಕಲಿಸಿದ್ದ ಸ್ಮೈಲನ್ನು ಅವರಿಗೇ ವಾಪಸ್ ಕೊಟ್ಟೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ನನ್ನ ತುತ್ತನ್ನು ನನ್ನೆದುರೇ ಪಕ್ಕದ ತಟ್ಟೆಗೆ ಬಡಿಸಿದರು, ನಾನು ಹಲ್ಲು ಬಿಟ್ಟುಕೊಂಡು ಕೂತಿದ್ದೆ.

ಮಾರುತಿಯ ಮೇಲೆ ಕೂಗಾಡಿದೆ. "ನಾನೇನ್ ಕೇಳಿದ್ನೇನಕ್ಕಾ? ಅವ್ರಾಗವ್ರೇ ಕೊಟ್ರು. ಬ್ಯಾಡ ಅನ್ಲಾ?" ಅಂದ. ಬೇಡ ಅನ್ನು ಅಂದೆ. ಅವನು ತಲೆ ಕೆರೆದುಕೊಂಡು ಅವ್ವನ ಕಡೆ ನೋಡಿದ. ಅಲ್ಲಿಗೆ ಮಾತು ಮುಗಿಯಿತು.

ಮೊದಲ ಸಂಬಳದಲ್ಲಿ ನನಗೊಂದು ಚೂಡಿದಾರ ತಂದಿದ್ದಾನೆ, ಹಳದಿ ಬಣ್ಣದ್ದು. "ನೀನು ಮನೇಲಿ ಆರಾಮಾಗಿರಕ್ಕಾ," ಅನ್ನುತ್ತಾನೆ. ಆರಾಮವೇನು ಕೇಳಬೇಡ. ಸಂಜೆ ಬರುವಾಗ ತಾಳೆಯಾಗದ ಲೆಕ್ಕವನ್ನೆಲ್ಲ ಮಡಚಿ ಜೇಬಿನಲ್ಲಿಟ್ಟುಕೊಂಡು ಬರುತ್ತಾನೆ. ನಾನು ಅಡುಗೆಮನೆ ಬಾಗಿಲಲ್ಲಿ ಕೂತು ಸರಿಮಾಡಿ ಕೊಡುತ್ತೇನೆ. ಕೊಡಬಾರದು ಅಂತಲೇ ಕೂತಿರುತ್ತೇನೆ. ಆದರೆ ತಪ್ಪಾಗಿರುವ ಲೆಕ್ಕ ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಅವ್ವ ನೆರೆಹೊರೆಯವರಿಗೆಲ್ಲ ಬೆಲ್ಲ ಹಂಚಿ, "ಮಗಳು ಟ್ರೈನಿಂಗಿಗೆ ಹೋಗಿದ್ದಕ್ಕೆ ಮಗನಿಗೆ ಕೆಲ್ಸ ಸಿಕ್ತು ಕಣ್ರೀ," ಎಂದು ಹೇಳಿಕೊಂಡು ಬಂದಳು. ಉಂಡೂ ಹೋದ ಕೊಂಡೂ ಹೋದ ಅನ್ನುವುದು ನಮ್ಮ ಮನೆಯಲ್ಲಿ ಹಬ್ಬದ ಸುದ್ದಿಯಾಯಿತು.

ಮುಂದಿನ ವರ್ಷ ನಿನ್ನ ಸರದಿ. ನಿನ್ನನ್ನೂ ಯಾವುದಾದರೂ ಆಫೀಸಿಗೆ ಇಂಟರ್ನ್ ಮಾಡಿ ಕಳಿಸುತ್ತಾರೆ. ಹೋಗು, ಬಿಡಬೇಡ. ಆದರೆ ಒಂಟಿಯಾಗಿ ಹೋಗು. ನಿಯಮ ಐತೆ ಅಂದರೆ ಜಗಳ ಆಡು, ಕಾಗದದಲ್ಲಿ ಬರೆದು ಮುಖಕ್ಕೆ ಹಿಡಿ. ಕೆಂಚಕ್ಕ ಅತ್ತೆ ಗೇಟಿನ ತನಕ ಬರಲಿ, ಒಳಗೆ ಬೇಡ. ನಿನ್ನ ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಲು ಯಾರಿಗೂ ಬಿಡಬೇಡ, ಅವರು ಎಷ್ಟೇ ಬೇಕಾದವರಾಗಿರಲಿ.

ದೇವರು ನಿನಗೆ ಒಳ್ಳೆಯ ಕೆಲಸ ಕೊಡಲಿ, ಅದನ್ನು ಉಳಿಸಿಕೊಳ್ಳುವ ಹಟವನ್ನೂ ಕೊಡಲಿ. ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನ ಆಯಸ್ಸಿನಲ್ಲಿ ಸ್ವಲ್ಪ ನಿನಗಿರಲಿ.

ಇಂತಿ ನಿನ್ನ
ಶಾಂತಕ್ಕ

ತಾ.ಕ.: ಕಾಗದ ಮಡಚಿ ಅಂಟಿಸುವವಳಿದ್ದೆ, ಮನಸ್ಸು ಒಪ್ಪಲಿಲ್ಲ. ಒಂದು ಮಾತು ನಿನ್ನಿಂದ ಬಚ್ಚಿಟ್ಟಿದ್ದೇನೆ.

ಹೋದ ವಾರ ಯಾರಿಗೂ ಹೇಳದೆ ಆಟೋ ಹಿಡಿದು ಮಿಲ್ಲಿಗೆ ಹೋದೆ. ಮಾರುತಿ ಬ್ಯಾಂಕಿಗೆ ಹೋಗಿದ್ದ ಹೊತ್ತು ನೋಡಿಕೊಂಡೇ ಹೋದೆ. ಕೋಲುಗಳನ್ನು ಕೆಳಗೆ ಬಿಟ್ಟು, ಮೆಟ್ಟಿಲ ಮೇಲೆ ಕೂತು ಕೂತು ಹಿಂದಕ್ಕೆ ಜರುಗುತ್ತಾ ಮಹಡಿ ಹತ್ತಿದೆ. ಸಾಹುಕಾರರು ಗಾಬರಿಯಾಗಿ ಎದ್ದು ನಿಂತರು. ನೋಡಿ, ಹತ್ತಲಿಕ್ಕೆ ಬರುತ್ತದೆ, ಈಗ ಹೇಳಿ ಯಾಕೆ ಕೊಡಲಿಲ್ಲ ಅಂದೆ. ಅವರು ನನಗೆ ನೀರು ಕೊಟ್ಟು, ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ನಿನಗೇ ಅಂತ ಕೆಳಗಿನ ತೂಕದ ಮನೆಗೆ ಕಂಪ್ಯೂಟರ್ ಇಳಿಸೋಕೆ ವೈರಿಂಗೂ ಮಾಡ್ಸಿದ್ದೆ ಕಣಮ್ಮ. ಬೇಕಾದ್ರೆ ಹೋಗಿ ನೋಡು. ನಿಮ್ಮವ್ವ ಬಂದು ಸೆರಗೊಡ್ಡಿದ್ಲು. 'ಸಾವ್ಕಾರ್ರೇ, ಅವಳು ಇವತ್ತು ದುಡಿದು ತಿಂದಾಳು, ನಾಳೆ ನಾನು ಸತ್ ಮ್ಯಾಲೆ ಅವಳನ್ನ ಎತ್ತೋರ್ ಯಾರು? ನನ್ ಮಗನ ಕೈಗೆ ಸಂಬಳ ಸಿಗೋಹಂಗೆ ಮಾಡ್ರಿ. ಅಕ್ಕನಿಂದ ಬಂದ ಅನ್ನ ಅಂತ ಅವಳನ್ನ ಬೀದಿಗೆ ಹಾಕ್ದಂಗೆ ನೋಡ್ಕಂತಾನೆ,' ಅಂತ ಅತ್ಲು. ತಾಯಿ ಮಾತು, ಹೆಂಗ್ ತಳ್ಳಿಹಾಕ್ಲಿ?" ಅಂದರು.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದನ್ನು ಕೇಳಿದ್ದೆ. ನನಗೆ ಪೂಜಾರಿ ನನ್ನ ಅವ್ವನೇ ಆದಳು.

ಇಳಿಯುವಾಗ ತೂಕದ ಮನೆಗೆ ಇಣುಕಿದೆ. ಹೊಸ ಸ್ವಿಚ್ ಬೋರ್ಡ್ ಇದೆ, ನನ್ನ ಕೈಗೆಟಕುವಷ್ಟು ಕೆಳಗೆ ಹಾಕಿಸಿದ್ದಾರೆ.

ಅವ್ವನನ್ನು ಕೇಳಿಲ್ಲ. ಕೇಳಿದರೆ, ನಿನ್ ಒಳ್ಳೇದಕ್ಕೇ ಮಾಡಿದ್ನವ್ವ ಅನ್ನುತ್ತಾಳೆ. ಅದು ಸುಳ್ಳಲ್ಲ, ತೇಜು. ಸುಳ್ಳಾಗಿದ್ದರೆ ಬಾಯಿಗೆ ಬಂದ ಹಾಗೆ ಬೈದು ಹಗುರಾಗುತ್ತಿದ್ದೆ. ಈ ಜನ್ಮದಲ್ಲಿ ಅವಳನ್ನು ಕ್ಷಮಿಸಲಾರೆ, ಆದರೆ ಅವಳ ಮೇಲೆ ಕೂಗಾಡಲೂ ಆಗದಂತೆ ಮಾಡಿಟ್ಟಿದ್ದಾಳೆ.

ನನ್ನ ಎರಡು ಕೈಯೂ ನೆಟ್ಟಗಿವೆ, ಜಡೆ ನಾನೇ ಹಾಕಿಕೊಳ್ಳಬಲ್ಲೆ. ಆದರೂ ಇವತ್ತು ಬೆಳಿಗ್ಗೆ ಅವಳೇ ಬಾಚಣಿಗೆ ಹಿಡಿದು ಬಂದು ಹಿಂದೆ ಕೂತಳು. "ಯಾಕವ್ವ ಇಷ್ಟು ಸಣ್ಣಗಾಗಿದ್ದಿ? ನಾನಿಲ್ವಾ ನಿಂಗೆ?" ಅಂದಳು. ನಾನು ತಲೆ ಬಗ್ಗಿಸಿ ಕೊಟ್ಟೆ.